ವಿದ್ಯಾರ್ಥಿಯ ಆರೋಗ್ಯ: ಬಗ್ದಾದ್, ಬೀದರ್ ಮತ್ತು ಅಲಿಗಢದ ಕೆಲವು ಪುಟಗಳು

ಹಿಜರಿ 488ರ ರಜಬ್ ತಿಂಗಳು, ಅಂದರೆ ಕ್ರಿ.ಶ. 1095ರ ಜುಲೈ. ಬಗ್ದಾದಿನ ನಿಝಾಮಿಯ ಮದ್ರಸವು ಆ ಕಾಲದ ಇಸ್ಲಾಮೀ ಜಗತ್ತಿನ ಅತ್ಯಂತ ಪ್ರತಿಷ್ಠಿತ ವಿದ್ಯಾಕೇಂದ್ರವಾಗಿತ್ತು. ಅಲ್ಲಿನ ಮುಖ್ಯ ಪ್ರಾಧ್ಯಾಪಕರು ಇಮಾಮ್ ಗಝಾಲಿ(ರ). ವಯಸ್ಸು ಇನ್ನೂ ನಲ್ವತ್ತರ ಒಳಗೆ. ಮುನ್ನೂರು ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ಖಲೀಫರ ಆಸ್ಥಾನದಲ್ಲಿ ಗೌರವ, ವಿದ್ವಾಂಸರ ವಲಯದಲ್ಲಿ ಖ್ಯಾತಿ, ಯಾವುದಕ್ಕೂ ಕೊರತೆಯಿರಲಿಲ್ಲ. ಇಂಥ ವ್ಯಕ್ತಿ ಒಂದು ದಿನ ಪಾಠ ಹೇಳಲು ಕುಳಿತಾಗ ನಾಲಿಗೆ ಏಳಲಿಲ್ಲ. ಕಾದು ಕುಳಿತಿದ್ದ ವಿದ್ಯಾರ್ಥಿಗಳಿಗೆ ಬೇಸರವಾಗಬಾರದೆಂದು ಅವರು ಎಷ್ಟು ಪ್ರಯತ್ನಿಸಿದರೂ ಒಂದು ಮಾತೂ ಹೊರಡಲಿಲ್ಲ. ಕ್ರಮೇಣ ಊಟ ಸೇರದಾಯಿತು. ಒಂದು ಗುಟುಕು ನೀರು ಗಂಟಲಲ್ಲಿ ಇಳಿಯುವುದೂ, ಒಂದು ತುತ್ತು ಅನ್ನ ಅರಗುವುದೂ ಕಷ್ಟವಾಯಿತು. ದೇಹ ಸೊರಗಿತು.

ಇದನ್ನೆಲ್ಲ ಅವರ ಬಗ್ಗೆ ಬೇರೆ ಯಾರೋ ಬರೆದದ್ದಲ್ಲ. ಗಝಾಲಿಯವರೇ ತಮ್ಮ ಆತ್ಮಕಥನ ‘ಅಲ್ ಮುನ್ಕಿಝ್’ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಅವರನ್ನು ಪರೀಕ್ಷಿಸಿದ ವೈದ್ಯರು ಕಷಾಯ, ಲೇಹ್ಯಗಳಿಂದ ಪ್ರಯೋಜನವಿಲ್ಲವೆಂದು ಕೈಚೆಲ್ಲಿದರು. ರೋಗ ಹುಟ್ಟಿರುವುದು ಹೃದಯದಲ್ಲಿ, ಅಲ್ಲಿಂದ ಅದು ಶರೀರಕ್ಕೆ ಹರಡಿದೆ, ಮನಸ್ಸಿನ ದುಗುಡ ಇಳಿಯದ ಹೊರತು ಔಷಧಿ ನಾಟದು ಎಂಬುದು ಅವರ ಅಭಿಪ್ರಾಯವಾಗಿತ್ತು. ಸುಮಾರು ಆರು ತಿಂಗಳ ತೊಳಲಾಟದ ನಂತರ ಗಝಾಲಿ ಹುದ್ದೆಯನ್ನು ತೊರೆದು ಬಗ್ದಾದಿನಿಂದ ಹೊರಟರು. ಅವರ ಸ್ಥಾನದಲ್ಲಿ ಸಹೋದರ ಅಹ್ಮದ್ ಪಾಠ ಮಾಡಿದರು. ದಮಾಸ್ಕಸ್, ಜೆರುಸಲೇಮ್, ಹಜ್ ಯಾತ್ರೆ, ಏಕಾಂತ, ಹೀಗೆ ವರ್ಷಗಳು ಕಳೆದು 1106ರಲ್ಲಿ ನೈಶಾಪುರದ ನಿಝಾಮಿಯದಲ್ಲಿ ಅವರು ಮತ್ತೆ ಬೋಧನೆಗೆ ಕುಳಿತರು. ನಡುವೆ ಹೆಚ್ಚುಕಡಿಮೆ ಹನ್ನೊಂದು ವರ್ಷ. ಅವರ ಮೇರುಕೃತಿ ‘ಇಹ್ಯಾ’ ಈ ಅವಧಿಯ ಫಲ.

ನಮ್ಮ ಸಭೆಗಳಲ್ಲಿ ಗಝಾಲಿಯವರ ಹೆಸರು ಎಷ್ಟೋ ಬಾರಿ ಕೇಳಿಬರುತ್ತದೆ. ಆದರೆ ಈ ಆರು ತಿಂಗಳ ಕಥೆಯನ್ನು ಹೇಳುವವರು ವಿರಳ. ಹೇಳಿದರೂ ಅದನ್ನು ಕೇವಲ ಆಧ್ಯಾತ್ಮಿಕ ತಿರುವು ಎಂದು ವಿವರಿಸಿ ಮುಂದೆ ಸಾಗುತ್ತಾರೆ. ಅದು ಆಧ್ಯಾತ್ಮಿಕ ತಿರುವು ಹೌದು. ಆದರೆ ವೈದ್ಯರು ಬಂದು ನೋಡಿ, ಮನಸ್ಸಿಗೂ ಶರೀರಕ್ಕೂ ಇರುವ ನಂಟನ್ನು ಗುರುತಿಸಿದ ಒಂದು ಕಾಯಿಲೆಯೂ ಆಗಿತ್ತು. ಒಂಬೈನೂರು ವರ್ಷಗಳ ಹಿಂದೆ ಆ ವೈದ್ಯರು ಅದನ್ನು ಈಮಾನಿನ ಕೊರತೆ ಎನ್ನಲಿಲ್ಲ, ಸೋಮಾರಿತನ ಎನ್ನಲಿಲ್ಲ. ಇಂದು ನಮ್ಮ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಪುಸ್ತಕ ತೆರೆದರೆ ಅಕ್ಷರ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ಯಾವುದೆಂದು ಬರೆಯಬೇಕಾಗಿಲ್ಲ.

ಮನಸ್ಸಿಗೂ ಬೇರೆಯೇ ಆರೈಕೆ ಬೇಕೆಂಬ ತಿಳಿವಳಿಕೆ ಗಝಾಲಿಯವರ ಕಾಲಕ್ಕಿಂತಲೂ ಹಳೆಯದು. ಇಂದಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ಕ್ರಿ.ಶ. 934ರಲ್ಲಿ ನಿಧನರಾದರು. ಅವರ ಒಂದು ಗ್ರಂಥದ ಹೆಸರೇ ಶರೀರಗಳ ಮತ್ತು ಮನಸ್ಸುಗಳ ಪೋಷಣೆ ಎಂಬ ಅರ್ಥದ್ದು. ಅದರ ಮೊದಲ ಭಾಗದಲ್ಲಿ ಗಾಳಿ, ನೀರು, ಆಹಾರ, ನಿದ್ದೆ, ಸ್ನಾನ, ವ್ಯಾಯಾಮಗಳ ವಿಚಾರವಿದೆ. ಎರಡನೆಯ ಭಾಗದಲ್ಲಿ ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ವಸ್ವಾಸ್‌ಗಳ ವಿಚಾರ. ವೈದ್ಯರು ದೇಹದ ಬಗ್ಗೆ ಮಾತ್ರ ಬರೆಯುತ್ತಾರೆ, ಮನಸ್ಸಿನ ಬಗ್ಗೆ ಬರೆಯುವುದಿಲ್ಲ ಎಂಬುದು ಬಲ್ಖಿಯವರ ದೂರು. ಮನೆಯಲ್ಲಿ ಔಷಧಿ ಕೂಡಿಟ್ಟುಕೊಳ್ಳುವಂತೆ ಧೈರ್ಯ ಕೊಡುವ ಆಲೋಚನೆಗಳನ್ನೂ ಆರೋಗ್ಯವಾಗಿರುವಾಗಲೇ ಕೂಡಿಟ್ಟುಕೊಳ್ಳಬೇಕೆಂದು ಅವರು ಸಲಹೆ ನೀಡುತ್ತಾರೆ.

ಇದು ವಿದ್ವಾಂಸರ ಮಾತಾಯಿತು. ಆದರೆ ವಿದ್ಯಾಸಂಸ್ಥೆಯೊಂದು ತನ್ನ ವಿದ್ಯಾರ್ಥಿಯ ಊಟ, ನಿದ್ದೆ, ಕಾಯಿಲೆಗಳ ಹೊಣೆಯನ್ನು ಹೊತ್ತುಕೊಂಡಿತ್ತೇ? ಇದಕ್ಕೆ ಉತ್ತರ ಹುಡುಕಲು ಮತ್ತೆ ಬಗ್ದಾದಿಗೇ ಹೋಗಬೇಕು.

ಗಝಾಲಿ ಬಗ್ದಾದ್ ಬಿಟ್ಟ ಸುಮಾರು ನೂರಮೂವತ್ತು ವರ್ಷಗಳ ನಂತರ, 1227ರಲ್ಲಿ, ಅಬ್ಬಾಸೀ ಖಲೀಫ ಅಲ್ ಮುಸ್ತನ್ಸಿರ್ ಟೈಗ್ರಿಸ್ ನದಿಯ ಪೂರ್ವ ದಡದಲ್ಲಿ ಒಂದು ದೊಡ್ಡ ಮದ್ರಸದ ನಿರ್ಮಾಣ ಆರಂಭಿಸಿದನು. 1234ರಲ್ಲಿ ಅದರ ಉದ್ಘಾಟನೆ ನಡೆಯಿತು. ಅದೇ ಮುಸ್ತನ್ಸಿರಿಯ. ಹನಫಿ, ಶಾಫಿ, ಮಾಲಿಕಿ, ಹಂಬಲಿ, ಈ ನಾಲ್ಕೂ ಮದ್‌ಹಬ್‌ಗಳ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ವಾಸಿಸಿ ಕಲಿಯುವ ಏರ್ಪಾಡು ಅಲ್ಲಿತ್ತು. ಇತಿಹಾಸಕಾರರು ಸಾಮಾನ್ಯವಾಗಿ ಅದರ ಗ್ರಂಥಾಲಯವನ್ನೂ ದ್ವಾರದಲ್ಲಿದ್ದ ವಿಸ್ಮಯಕಾರಿ ಗಡಿಯಾರವನ್ನೂ ವರ್ಣಿಸುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಅದರ ಅಡುಗೆಮನೆ.

ಪ್ರತಿ ವಿದ್ಯಾರ್ಥಿಗೆ ತಿಂಗಳ ಭತ್ಯೆಯಲ್ಲದೆ ದಿನನಿತ್ಯ ನಿಗದಿತ ಪ್ರಮಾಣದ ರೊಟ್ಟಿ ಮತ್ತು ಮಾಂಸ ದೊರೆಯುತ್ತಿತ್ತು. ಅದಕ್ಕಾಗಿ ಮದ್ರಸದೊಳಗೇ ಅಡುಗೆಮನೆಯಿತ್ತು. ವಿದ್ಯಾರ್ಥಿಗಳ ಬಳಕೆಗೆಂದೇ ಕಟ್ಟಿಸಿದ ಹಮ್ಮಾಮ್, ಅಂದರೆ ಸ್ನಾನಗೃಹವಿತ್ತು. ಬಗ್ದಾದಿನ ಬೇಸಿಗೆಯನ್ನು ಕಂಡವರಿಗೆ ಅದರ ಬೆಲೆ ತಿಳಿದೀತು. ಕುಡಿಯುವ ನೀರನ್ನು ತಂಪಾಗಿಡಲು ಪ್ರತ್ಯೇಕ ವ್ಯವಸ್ಥೆಯಿತ್ತು. ಗ್ರಂಥಾಲಯದಲ್ಲಿ ಗ್ರಂಥಗಳನ್ನು ನಕಲು ಮಾಡಿಕೊಳ್ಳುವವರಿಗೆ ಕಾಗದ ಮತ್ತು ಲೇಖನಿ, ರಾತ್ರಿ ಓದುವವರಿಗೆ ದೀಪ ಮತ್ತು ದೀಪಕ್ಕೆ ಎಣ್ಣೆ. ಇನ್ನು ಮದ್ರಸಕ್ಕೆ ಒಬ್ಬ ವೈದ್ಯನ ನೇಮಕವಾಗಿತ್ತು. ಆತ ಪ್ರತಿದಿನ ಬೆಳಿಗ್ಗೆ ಬರಬೇಕು, ಅಸ್ವಸ್ಥರಾದವರನ್ನು ನೋಡಬೇಕು, ಔಷಧಿ ಬರೆದುಕೊಡಬೇಕು. ಆ ಔಷಧಿ ತರಲು ಪೇಟೆಗೆ ಓಡಬೇಕಾಗಿರಲಿಲ್ಲ. ಆಹಾರ ಸಾಮಗ್ರಿಗಳ ಜೊತೆ ಔಷಧಿಗಳನ್ನೂ ಮದ್ರಸದ ಉಗ್ರಾಣದಲ್ಲೇ ದಾಸ್ತಾನು ಇಡಲಾಗುತ್ತಿತ್ತು. ಅದೇ ವೈದ್ಯನ ಬಳಿ ಹತ್ತು ಮಂದಿ ವೈದ್ಯಶಾಸ್ತ್ರ ಕಲಿಯುತ್ತಿದ್ದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ವೈದ್ಯ ಖಲೀಫನಿಗೆ ಮನಸ್ಸು ಬಂದಾಗ ಕಳುಹಿಸಿಕೊಟ್ಟವನಲ್ಲ. ಯಾರೋ ಉದಾರಿಗಳು ವರ್ಷಕ್ಕೊಮ್ಮೆ ಏರ್ಪಡಿಸಿದ ಉಚಿತ ತಪಾಸಣಾ ಶಿಬಿರದವನೂ ಅಲ್ಲ. ಮದ್ರಸಕ್ಕೆ ಭೂಮಿ, ಆಸ್ತಿಗಳನ್ನು ವಕ್ಫ್ ಮಾಡುವಾಗಲೇ ಫಿಕ್ಹ್ ಕಲಿಸುವ ಮುದರ್ರಿಸ್‌ನಂತೆ ವೈದ್ಯನೂ, ಗ್ರಂಥದಂತೆ ರೊಟ್ಟಿಯೂ ಸಂಸ್ಥೆಯ ಖರ್ಚಿನಲ್ಲಿ ಸೇರಿದ್ದವು. ವಿದ್ಯಾರ್ಥಿ ಅದನ್ನು ಪಡೆಯಲು ಯಾರ ಮುಂದೆಯೂ ಕೈಚಾಚಬೇಕಾಗಿರಲಿಲ್ಲ. ವಕ್ಫ್ ನಡೆಯುವಷ್ಟು ಕಾಲ ಅದು ಅವನ ಹಕ್ಕು.

1258ರಲ್ಲಿ ಮಂಗೋಲರು ಬಗ್ದಾದನ್ನು ನೆಲಸಮ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಮುಸ್ತನ್ಸಿರಿಯದ ಕಟ್ಟಡ ಮಾತ್ರ ಉಳಿಯಿತು. 1327ರಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ನಾಲ್ಕು ಮದ್‌ಹಬ್‌ಗಳ ಪಾಠ ನಡೆಯುತ್ತಿದ್ದುದನ್ನೂ, ಒಳಗೆ ವಿದ್ಯಾರ್ಥಿಗಳಿಗೆ ಸ್ನಾನಗೃಹ ಮತ್ತು ವುಝೂ ಮಾಡುವ ಸ್ಥಳ ಇದ್ದುದನ್ನೂ ಬರೆದಿದ್ದಾನೆ. ಶತಮಾನಗಳ ನಂತರ ವಕ್ಫ್ ಕ್ಷೀಣಿಸಿತು. ಉಸ್ಮಾನಿಯರ ಕಾಲದಲ್ಲಿ ಅದೇ ಕಟ್ಟಡ ಸುಂಕದ ಕಚೇರಿಯಾಯಿತು. 20ನೇ ಶತಮಾನದಲ್ಲಿ ಇರಾಕಿನ ಪ್ರಾಚ್ಯವಸ್ತು ಇಲಾಖೆ ಅದನ್ನು ದುರಸ್ತಿ ಮಾಡಿಸಿತು.

ಆ ಕಾಲದ ವಿದ್ಯಾರ್ಥಿ ಸ್ವತಃ ತನ್ನ ಆರೋಗ್ಯವನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯಬೇಕಾದರೆ ಝರ್ನೂಜಿಯವರ ‘ತಅಲೀಮುಲ್ ಮುತಅಲ್ಲಿಮ್’ ಇದೆ. ಸುಮಾರು 1200ರ ಆಸುಪಾಸಿನ ಈ ಕಿರುಹೊತ್ತಗೆ ನಮ್ಮ ದರ್ಸ್‌ಗಳಿಗೂ ಅಪರಿಚಿತವಲ್ಲ. ನೆನಪಿನ ಶಕ್ತಿಗೆ ಮಿಸ್ವಾಕ್, ಜೇನು ಮತ್ತು ಖಾಲಿ ಹೊಟ್ಟೆಯಲ್ಲಿ ದಿನಕ್ಕೆ ಇಪ್ಪತ್ತೊಂದು ಒಣದ್ರಾಕ್ಷಿಗಳನ್ನು ಅದು ಸೂಚಿಸುತ್ತದೆ. ಕೊತ್ತಂಬರಿ ಮತ್ತು ಹುಳಿ ಸೇಬು ಮರೆವು ತರುತ್ತವೆ ಎಂಬ ಮಾತೂ ಇದೆ. ಇದನ್ನು ಇಂದಿನ ವೈದ್ಯರು ಒಪ್ಪಲಾರರು, ಕೊತ್ತಂಬರಿಯಿಲ್ಲದೆ ಸಾರು ಕುದಿಸದ ನಮ್ಮ ತಾಯಂದಿರಂತೂ ಒಪ್ಪುವುದೇ ಇಲ್ಲ. ಆದರೆ ಪೇಟೆಯ ತಿಂಡಿಯಿಂದ ಸಾಧ್ಯವಾದಷ್ಟು ದೂರವಿರಬೇಕೆಂಬ ಅವರ ಸಲಹೆ ಹಳತಾಗಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ನನಗೆ ಮೊದಲು ನೆನಪಾದದ್ದು ಝರ್ನೂಜಿ. ಒಂದು ವಿಷಯ ಓದಿ ಬೇಸರ ಬಂದರೆ ಬೇರೊಂದನ್ನು ಎತ್ತಿಕೊಳ್ಳಬೇಕು, ದೇಹ ದಣಿದು ಕೆಲಸವೇ ನಿಲ್ಲುವಷ್ಟು ಅದನ್ನು ದಂಡಿಸಬಾರದು ಎಂದೂ ಅವರು ಹೇಳುತ್ತಾರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿರ್ಧರಿಸಿದ್ದ ಯುವ ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ಅವರನ್ನು ತಡೆದ ಪ್ರವಾದಿ(ಸ), ಶರೀರಕ್ಕೂ ಕಣ್ಣುಗಳಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ ಪ್ರಸಂಗ ಬುಖಾರಿಯಲ್ಲಿದೆ. ಪರೀಕ್ಷೆಯ ಹಿಂದಿನ ವಾರ ನಿದ್ದೆಗೆಡುವ ಮಕ್ಕಳ ಮುಂದೆ ಈ ಹದೀಸನ್ನು ಯಾಕೆ ಯಾರೂ ಓದುವುದಿಲ್ಲವೋ!

ಬಗ್ದಾದ್ ದೂರವಾಯಿತು ಎನ್ನುವವರು ಬೀದರಿಗೆ ಹೋಗಿ ನೋಡಬಹುದು. ಬಹಮನಿ ಸುಲ್ತಾನರ ವಝೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಅಲ್ಲಿದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಈ ಮನುಷ್ಯ ರಾಜ್ಯದ ಎರಡನೆಯ ಸ್ಥಾನದಲ್ಲಿದ್ದರೂ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಸಾದಾ ಊಟ ಮಾಡುತ್ತಿದ್ದನೆಂದು ಫಿರಿಶ್ತಾ ಬರೆಯುತ್ತಾನೆ. ಮದ್ರಸದ ವಿಚಾರದಲ್ಲಿ ಮಾತ್ರ ಅವನು ಖರ್ಚಿಗೆ ಹಿಂಜರಿಯಲಿಲ್ಲ. ಮೂರು ಅಂತಸ್ತಿನ ಕಟ್ಟಡ, ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ನಡುವೆ ವಿಶಾಲವಾದ ತೆರೆದ ಅಂಗಳ. ಮಸೀದಿ, ಗ್ರಂಥಾಲಯ, ಪಾಠದ ಕೋಣೆಗಳು, ವಿದ್ಯಾರ್ಥಿಗಳಿಗೆ ವಾಸದ ಕೋಣೆಗಳು, ಅಧ್ಯಾಪಕರಿಗೂ ಅಲ್ಲೇ ವಸತಿ. ವಿದ್ಯಾರ್ಥಿಗಳಿಗೆ ಊಟ, ಬಟ್ಟೆ ಉಚಿತ. ಕೋಣೆಯೊಳಗೆ ನಿಂತರೆ ಒಂದು ಕಡೆ ಹೊರಗೋಡೆಯ ಕಿಟಕಿಯಿಂದಲೂ ಇನ್ನೊಂದು ಕಡೆ ಅಂಗಳದಿಂದಲೂ ಗಾಳಿ ಬೆಳಕು ಬರುತ್ತದೆ. ಗಾಳಿಯಾಡದ ಒಂದು ಕೋಣೆಯಲ್ಲಿ ಎಂಟು ಮಂಚ ಜೋಡಿಸುವ ಇಂದಿನ ಕೆಲವು ಹಾಸ್ಟೆಲ್‌ಗಳ ಎಂಜಿನಿಯರರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕೆನಿಸುತ್ತದೆ.

ಬೀದರಿಗೆ ವೈದ್ಯಾಲಯದ ಪರಂಪರೆಯೂ ಇತ್ತು. ಗವಾನನಿಗಿಂತ ಮೊದಲೇ, 1436ರಿಂದ 1458ರವರೆಗೆ ಆಳಿದ ಸುಲ್ತಾನ್ ಅಲಾವುದ್ದೀನ್ ಅಹ್ಮದ್ ಅಲ್ಲಿ ದಾರುಶ್ಶಿಫಾ ಎಂಬ ಆಸ್ಪತ್ರೆಯನ್ನು ಕಟ್ಟಿಸಿ, ರೋಗಿಗಳ ಆಹಾರ ಮತ್ತು ಔಷಧಿಗಾಗಿ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟಿದ್ದನು. ಅಲ್ಲಿ ಮುಸ್ಲಿಮ್ ಹಕೀಮರ ಜೊತೆ ಹಿಂದೂ ವೈದ್ಯರನ್ನೂ ನೇಮಿಸಿದ್ದನೆಂಬುದು ಗಮನಾರ್ಹ.

ಗವಾನನ ಅಂತ್ಯ ದಾರುಣವಾದದ್ದು. ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದನು. ಮದ್ರಸ ಇನ್ನೂ ಕೆಲವು ಕಾಲ ನಡೆಯಿತು. ಆದರೆ ಅದನ್ನು ಪೋಷಿಸಿದ ರಾಜ್ಯವೇ ಒಡೆದು ಹೋದ ಮೇಲೆ ಅಡುಗೆಮನೆಯ ಒಲೆ ಎಷ್ಟು ದಿನ ಉರಿದೀತು? ಮೊಗಲರ ಕಾಲದಲ್ಲಿ ಸೈನಿಕರು ಅಲ್ಲಿ ಬೀಡುಬಿಟ್ಟರು. 17ನೇ ಶತಮಾನದ ಕೊನೆಯ ಭಾಗದಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ಮುಂಭಾಗ ಮತ್ತು ಒಂದು ಮಿನಾರು ಕುಸಿದವು. ಉಳಿದ ಮಿನಾರಿನ ನೀಲಿ ಹಂಚುಗಳನ್ನು ಪ್ರವಾಸಿಗರು ಇಂದಿಗೂ ತಲೆಯೆತ್ತಿ ನೋಡುತ್ತಾರೆ.

ಆಧುನಿಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿ ಆರೋಗ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನಿಂದ ಆರಂಭಿಸುತ್ತಾರೆ. ಓದಿನ ಹೊರೆಯಲ್ಲಿ ಹುಡುಗರ ಆರೋಗ್ಯ ಕೆಡುತ್ತಿದೆಯೆಂದು ಅಲ್ಲಿನ ಅಧ್ಯಕ್ಷರು 1850ರ ದಶಕದಲ್ಲಿ ಆಡಳಿತ ಮಂಡಳಿಗೆ ಮತ್ತೆ ಮತ್ತೆ ವರದಿ ಸಲ್ಲಿಸಿದರು. 1860ರಲ್ಲಿ ವ್ಯಾಯಾಮಶಾಲೆ ಎದ್ದಿತು. 1861ರಲ್ಲಿ ನೇಮಕಗೊಂಡ ಡಾ. ಎಡ್ವರ್ಡ್ ಹಿಚ್‌ಕಾಕ್ 1911ರವರೆಗೆ, ಅರ್ಧ ಶತಮಾನ, ವಿದ್ಯಾರ್ಥಿಗಳಿಗೆ ಆರೋಗ್ಯ ಪಾಠ ಹೇಳುತ್ತ ಅವರ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ದಾಖಲಿಸಿಟ್ಟರು. ಇದು ಶ್ಲಾಘನೀಯ ಕೆಲಸ. ಮುಸ್ತನ್ಸಿರಿಯ ಅದಕ್ಕಿಂತ ಆರುನೂರು ವರ್ಷ ಹಳೆಯದು ಎಂದು ಎದೆಯುಬ್ಬಿಸುವುದರಿಂದ ನಮ್ಮ ಮಕ್ಕಳಿಗೆ ಏನೂ ಸಿಗುವುದಿಲ್ಲ. ಅವರು ಮುಂದುವರಿಸಿಕೊಂಡು ಬಂದರು, ನಾವು ನಡುವೆ ಕೈಬಿಟ್ಟೆವು.

ಕೈಬಿಟ್ಟದ್ದನ್ನು ಮತ್ತೆ ಹಿಡಿಯುವ ಪ್ರಯತ್ನ ಅಲಿಗಢದಲ್ಲಿ ನಡೆಯಿತು. ಸರ್ ಸಯ್ಯದ್ ಅಹ್ಮದ್ ಖಾನ್ 1869-70ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ನೋಡಿದ್ದರು. ಅವರ ಮಗ ಸಯ್ಯದ್ ಮಹಮೂದ್ ಅಲ್ಲಿಯ ವಿದ್ಯಾರ್ಥಿ. ತರಗತಿಯಷ್ಟೇ ವಸತಿಯೂ ವಿದ್ಯಾರ್ಥಿಯನ್ನು ರೂಪಿಸುತ್ತದೆ ಎಂಬ ನಂಬಿಕೆಯೊಂದಿಗೆ ಅವರು ಮರಳಿದರು. 1875ರಲ್ಲಿ ಶಾಲೆ ಆರಂಭವಾಯಿತು, 1877ರಲ್ಲಿ ಕಾಲೇಜಿನ ಶಿಲಾನ್ಯಾಸ ನಡೆಯಿತು. ಕ್ರಿಕೆಟ್ ಕ್ಲಬ್ ಕಟ್ಟಿದವರು ಗಣಿತದ ಅಧ್ಯಾಪಕ ರಮಾಶಂಕರ ಮಿಶ್ರ. ಕುದುರೆ ಸವಾರಿಯೂ ಬಂತು. ಆಟಕ್ಕೆ ಹೋಗುವ ಹುಡುಗ ಹಾಳಾದನೆಂದು ತಿಳಿಯುತ್ತಿದ್ದ ಮನೆತನಗಳ ಮಕ್ಕಳು ಸಂಜೆ ಮೈದಾನಕ್ಕೆ ಇಳಿಯುವುದು ಆ ಕಾಲಕ್ಕೆ ಸಣ್ಣ ಬದಲಾವಣೆಯಲ್ಲ.

ಆಟದ ಮೈದಾನ ಹೊಟ್ಟೆ ತುಂಬಿಸುವುದಿಲ್ಲ. ಬಡ ವಿದ್ಯಾರ್ಥಿಗಳ ಶುಲ್ಕ, ಊಟದ ವೆಚ್ಚ ಸಂಗ್ರಹಿಸಲು ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಮುಂತಾದ ವಿದ್ಯಾರ್ಥಿಗಳೇ ಸೇರಿ 1890ರ ಸುಮಾರಿಗೆ ‘ಅಂಜುಮನುಲ್ ಫರ್ಝ್’ ಎಂಬ ಸಂಘ ಕಟ್ಟಿದರು. ರಜೆಯಲ್ಲಿ ಊರೂರು ತಿರುಗಿ ಹಣ ಕೂಡಿಸಿದರು. ದಾನ ಎನ್ನದೆ ಫರ್ಝ್ ಎಂದು ಹೆಸರಿಟ್ಟರು. ಆ ಒಂದು ಶಬ್ದದ ಆಯ್ಕೆಯಲ್ಲಿ ಹಳೆಯ ವಕ್ಫ್‌ನ ನೆನಪು ಇದ್ದಂತೆ ನನಗೆ ತೋರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. ಶೇಖ್ ಅಬ್ದುಲ್ಲಾ ಮತ್ತು ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಅಲಿಗಢದಲ್ಲಿ ಬಾಲಕಿಯರ ಶಾಲೆ ತೆರೆದರು. 1914ರಲ್ಲಿ ಹಾಸ್ಟೆಲ್ ಸಿದ್ಧವಾಯಿತು. ಆದರೆ ಮಗಳನ್ನು ಪರಸ್ಥಳದಲ್ಲಿ ಬಿಟ್ಟರೆ ಕಾಯಿಲೆ ಬಿದ್ದಾಗ ತಲೆ ಮುಟ್ಟಿ ನೋಡುವವರು ಯಾರು ಎಂಬ ಹೆತ್ತವರ ಪ್ರಶ್ನೆಗೆ ಕಟ್ಟಡ ಉತ್ತರ ಹೇಳಲಾರದು. ವಹೀದ್ ಜಹಾನ್ ತಮ್ಮ ಮನೆ ಬಿಟ್ಟು ಹಾಸ್ಟೆಲಿಗೇ ಬಂದು ನೆಲೆಸಿದರು. ಮಕ್ಕಳ ಊಟ, ಬಟ್ಟೆ, ಜ್ವರ, ಅಳು ಎಲ್ಲವನ್ನೂ ತಾಯಿಯಂತೆ ನೋಡಿಕೊಂಡರು. ಹುಡುಗಿಯರ ಬಾಯಲ್ಲಿ ಅವರು ‘ಆಲಾ ಬಿ’. ಇಂದು ನಾವು ಆಪ್ತಸಮಾಲೋಚನೆ ಎನ್ನುವ ಕೆಲಸವನ್ನು ಯಾವ ಪದವಿಯೂ ಇಲ್ಲದೆ ಮಾಡಿದ ಹೆಂಗಸು ಆಕೆ. ಅವರ ಸ್ವಂತ ಮಗಳು ರಶೀದ್ ಜಹಾನ್ ಮುಂದೆ ವೈದ್ಯೆಯೂ ಉರ್ದು ಸಾಹಿತ್ಯದಲ್ಲಿ ಹೆಸರಾದ ಲೇಖಕಿಯೂ ಆದರು.

ಆದರೆ ಪ್ರತಿ ಹಾಸ್ಟೆಲಿಗೆ ಒಬ್ಬ ಆಲಾ ಬಿ ಎಲ್ಲಿಂದ ಸಿಗಬೇಕು? ವ್ಯಕ್ತಿಯ ಪ್ರೀತಿ ಆ ವ್ಯಕ್ತಿ ಇರುವಷ್ಟು ಕಾಲ. 1939ರಲ್ಲಿ ಅವರು ತೀರಿಕೊಂಡರು. ಮುಸ್ತನ್ಸಿರಿಯದ ವೈದ್ಯ ಒಳ್ಳೆಯ ಮನುಷ್ಯನಾಗಿದ್ದನೋ ಸಿಡುಕನಾಗಿದ್ದನೋ ನಮಗೆ ತಿಳಿಯದು. ಅವನು ಪ್ರತಿ ಬೆಳಿಗ್ಗೆ ಬರಬೇಕೆಂಬ ಕಟ್ಟಳೆಯಿತ್ತು, ಬಂದರೆ ಸಂಬಳವಿತ್ತು. ಸಂಸ್ಥೆಗಳನ್ನು ನಡೆಸುವ ನಾವು ಕಲಿಯಬೇಕಾದದ್ದು ಇಲ್ಲೇ ಇದೆ.

ಕೆಲವು ವರ್ಷ ನಾನೂ ಒಂದು ಹಾಸ್ಟೆಲ್ ಸಮಿತಿಯಲ್ಲಿ ಕುಳಿತವನು. ಒಂದು ಮಳೆಗಾಲದಲ್ಲಿ ಏಳೆಂಟು ಹುಡುಗರಿಗೆ ಒಟ್ಟಿಗೇ ಕಾಮಾಲೆಯಾಯಿತು. ಸಮಿತಿಯ ಸಭೆಯಲ್ಲಿ ಹೊರಗಿನ ತಿಂಡಿಯ ಬಗ್ಗೆ ಉಪದೇಶ ನಡೆಯಿತೇ ಹೊರತು ತೊಟ್ಟಿಯ ನೀರನ್ನು ಪರೀಕ್ಷೆಗೆ ಕಳುಹಿಸಲು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಂದಿನ ಕಾರ್ಯಸೂಚಿಯ ಮುಂದಿನ ವಿಷಯ ಮುಖ್ಯದ್ವಾರಕ್ಕೆ ಕಮಾನು ಕಟ್ಟಿಸುವುದು. ಅದು ಸರ್ವಾನುಮತದಿಂದ ಅಂಗೀಕಾರವಾಯಿತು.

ಮನಸ್ಸಿನ ವಿಚಾರಕ್ಕೆ ಬಂದರೆ ಲೆಕ್ಕ ಇನ್ನೂ ಕಹಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಕನಿಷ್ಠ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕೆಂದು ನಿರ್ದೇಶಿಸಿತು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಸಂಸ್ಥೆಗಳಲ್ಲಿ ಕೆಲವರು ಇದನ್ನು ಹೊಸ ಹೊರೆಯೆಂದು ಗೊಣಗಿದ್ದನ್ನು ಕೇಳಿದ್ದೇನೆ. ಉಸ್ತಾದರೇ ಬುದ್ಧಿ ಹೇಳಿದರೆ ಸಾಲದೇ ಎಂಬುದು ಅವರ ಪ್ರಶ್ನೆ. ಗಝಾಲಿಯವರ ಸುತ್ತ ಉಸ್ತಾದರಿಗೇನೂ ಬರವಿರಲಿಲ್ಲ, ಆದರೂ ವೈದ್ಯರನ್ನು ಕರೆಸಲಾಯಿತು.

ಹಾಸ್ಟೆಲಿಗೆ ಹೊಸ ಅಂತಸ್ತು ಕಟ್ಟಲು ದಾನಿಗಳ ಬಳಿಗೆ ಹೋಗುವಾಗ ನಮ್ಮ ಪದಾಧಿಕಾರಿಗಳ ಕೈಯಲ್ಲಿ ನಕ್ಷೆ ಇರುತ್ತದೆ, ಸಿಮೆಂಟು ಕಬ್ಬಿಣದ ಅಂದಾಜು ಪಟ್ಟಿ ಇರುತ್ತದೆ. ಮುಂದಿನ ಬಾರಿ ಆ ಪಟ್ಟಿಯ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸಲಿ: ವಾರಕ್ಕೆ ಎರಡು ದಿನ ಬರುವ ವೈದ್ಯರ ಗೌರವಧನ, ಆಪ್ತಸಮಾಲೋಚಕರ ವೇತನ, ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ, ಅಡುಗೆಯವರ ಆರೋಗ್ಯ ತಪಾಸಣೆ. ಒಂದು ಅಂಗಡಿ ಮಳಿಗೆಯ ಬಾಡಿಗೆಯನ್ನು ಇದಕ್ಕಾಗಿಯೇ ಬರೆದಿಟ್ಟುಕೊಡಲು ಯಾರಾದರೂ ಮುಂದೆ ಬಂದರೆ, ಪತ್ರವನ್ನು ವಕೀಲರಿಂದ ಸರಿಯಾಗಿ ಬರೆಸಿ ನೋಂದಾಯಿಸುವುದೂ ಅಗತ್ಯ.